ಮಂಗಲ ಕಾರ್ಯಾಲಯವನ್ನು ಗಾಮಾ ಸ್ಫೋಟ ಕಾವಲು ಕೊಠಡಿಯೆಂದು ಘೋಷಿಸುವ ಬಗ್ಗೆ

ಗಾಮಾ ಕಿರಣ ಸ್ಫೋಟ ವೀಕ್ಷಣಾ ಕೇಂದ್ರ
ಆಡಳಿತ ವಿಭಾಗ, ಪುಣೆ

ಸಂಖ್ಯೆ: ಗಾಸ್ಫೋವೀ/ಆಡಳಿತ/ಕಾವಲು/ಶುಭಕಾರ್ಯ/1
ದಿನಾಂಕ: 28 ನವೆಂಬರ್

ಸುತ್ತೋಲೆ

ವಿಷಯ: ಕೇಂದ್ರದ ಸಂಶೋಧಕಿ ಕು. ಕ್ಷಿಪ್ರಾ ಖಾಂಬೇಟೆ ಅವರ ವಿವಾಹ ಮುಹೂರ್ತದ ಅವಧಿಗೆ ಎರಂಡವಣೆ ಬಡಾವಣೆಯ ಮಂಗಲ ಕಾರ್ಯಾಲಯವನ್ನು (ಮದುವೆ ಛತ್ರವನ್ನು) ಈ ಕೇಂದ್ರದ ಕಾವಲು ಕೊಠಡಿಯೆಂದು ಘೋಷಿಸುವ ಹಾಗೂ ಸದರಿ ಅವಧಿಯಲ್ಲಿ ಅತಿಥಿಗಳು, ಪುರೋಹಿತರು, ವಾದ್ಯದವರು ಮತ್ತು ವರ ಪಾಲಿಸಬೇಕಾದ ಶಿಸ್ತಿನ ಬಗ್ಗೆ.

ಉಲ್ಲೇಖ:
1. ಇದೇ ಕಚೇರಿಯ ಸುತ್ತೋಲೆ, “ಗಣಪತಿ ವಿಸರ್ಜನೆಯ ದಿನ ಕಾವಲು ಫೋನ್ ಢೋಲು ಬಾರಿಸುವವರ ಸೊಂಟದಲ್ಲಿ ಪತ್ತೆಯಾದ ಬಗ್ಗೆ”.
2. ಆಡಳಿತಾಧಿಕಾರಿಗಳು ಆಡಳಿತಾಧಿಕಾರಿಗಳಿಗೆ ಸಲ್ಲಿಸಿದ ರಜೆ ಅರ್ಜಿ ಮತ್ತು ಅದರ ತಿರಸ್ಕಾರ.
3. ಕನ್ಯೆಯ ಮೌಖಿಕ ಬೆದರಿಕೆ, ಕೆಳಸಹಿದಾರರ (ಅಂದರೆ ಕೆಳಗೆ ಸಹಿ ಮಾಡಿರುವ ಆಡಳಿತಾಧಿಕಾರಿಯ) ಮನೆಯ ಅಡುಗೆಮನೆ, ಕಳೆದ ಭಾನುವಾರ.

ಪ್ರಸ್ತಾವನೆ:

ಊಹೆಗೂ ನಿಲುಕದ ದೂರದಲ್ಲಿ ಒಂದು ದೊಡ್ಡ ನಕ್ಷತ್ರ ಕುಸಿದು ಸಾಯುವಾಗಲೋ, ಸತ್ತ ನಕ್ಷತ್ರಗಳೆರಡು ಒಂದಕ್ಕೊಂದು ಢಿಕ್ಕಿ ಹೊಡೆದಾಗಲೋ ಕೆಲವು ಸೆಕೆಂಡು ಗಾಮಾ ಕಿರಣಗಳು ಭುಗಿಲೆದ್ದು ಹೊಮ್ಮುತ್ತವೆ. ಭೂಮಿಯ ಗಾಳಿ ಅವನ್ನು ಕೆಳಗಿಳಿಯಲು ಬಿಡದ ಕಾರಣ, ಅವನ್ನು ಹಿಡಿಯುವ ಉಪಕರಣವನ್ನು ಉಪಗ್ರಹದಲ್ಲಿ ಕೂರಿಸಿ ಮೇಲಕ್ಕೆ ಕಳುಹಿಸಲಾಗಿದೆ. ಉಪಕರಣಕ್ಕೆ ಏನಾದರೂ ಕಂಡ ಕೂಡಲೇ ಕೇಂದ್ರದ ಕಾವಲು ಫೋನ್ ಕೂಗುತ್ತದೆ. ಕಾವಲಿಗಿರುವವರು ತಕ್ಷಣ ನೋಡಿ, ಅದು ನಿಜವಾದ ಸ್ಫೋಟವೋ ಸೂರ್ಯನ ಕಿತಾಪತಿಯೋ ಎಂದು ತೀರ್ಮಾನಿಸಿ, ನಿಜವಾದಲ್ಲಿ ಜಗತ್ತಿನ ದೂರದರ್ಶಕಗಳಿಗೆಲ್ಲ ಒಂದು ಸುತ್ತೋಲೆ ಕಳುಹಿಸತಕ್ಕದ್ದು. ತಡವಾದರೆ ಸ್ಫೋಟದ ಕಾವು ಆರಿಹೋಗುತ್ತದೆ, ಆಮೇಲೆ ಯಾರು ಎಷ್ಟು ದೊಡ್ಡ ಕನ್ನಡಿ ಹಿಡಿದರೂ ಏನೂ ಕಾಣುವುದಿಲ್ಲ. ಖಗೋಳ ವಿಜ್ಞಾನಿಗಳು ತಮ್ಮ ಈ ಸುದ್ದಿಗೂ ಸುತ್ತೋಲೆ ಎಂದೇ ಹೆಸರಿಟ್ಟಿರುವುದು, ಈ ಕೇಂದ್ರದ ವಿಜ್ಞಾನದಲ್ಲಿ ಕೆಳಸಹಿದಾರರಿಗೆ ಮೆಚ್ಚುಗೆಯಾದ ಏಕೈಕ ಸಂಗತಿಯಾಗಿದೆ.

ಕಳೆದ ವಿಸರ್ಜನೆಯ ದಿನ ಇಡೀ ಕೇಂದ್ರ ಮೆರವಣಿಗೆಯಲ್ಲಿ ಕುಣಿಯಲು ಹೋಗಿ, ಕಾವಲು ಫೋನ್ ಇನ್ನೊಬ್ಬರ ಬಳಿ ಇದೆಯೆಂದು ಪ್ರತಿಯೊಬ್ಬರೂ ನಂಬಿದ್ದರು. ಫೋನು ಢೋಲು ಬಾರಿಸುತ್ತಿದ್ದ ಸಂಶೋಧಕರೊಬ್ಬರ ಸೊಂಟದ ಶಾಲಿನಲ್ಲಿತ್ತು. ಅದು ಕೂಗಿದ್ದು ಢೋಲಿಗೂ ಕೇಳಿಸಲಿಲ್ಲ, ಅವರಿಗೂ ಕೇಳಿಸಲಿಲ್ಲ. ಆ ವರ್ಷದ ಅತ್ಯಂತ ಪ್ರಖರ ಸ್ಫೋಟದ ಸುದ್ದಿಯನ್ನು ಬೇರೆ ದೇಶದವರು ಕೊಟ್ಟರು, ನಾವು ಮಾರನೆಯ ದಿನ ಗುಲಾಲು ಕೊಡವಿಕೊಂಡು ಓದಿದೆವು. ಇದರಿಂದ ಕೆಂಡಾಮಂಡಲವಾದ ಕೆಳಸಹಿದಾರರು ಉಲ್ಲೇಖ 1ರ ಸುತ್ತೋಲೆ ಹೊರಡಿಸಿ, ನಿರ್ದೇಶಕರಿಂದ ಹಿಡಿದು ಆಡಳಿತ ಸಿಬ್ಬಂದಿಯವರೆಗೆ ಪ್ರತಿಯೊಬ್ಬರೂ ತರಬೇತಿ ಪಡೆದು ಕಾವಲಿಗೆ ಕೂರತಕ್ಕದ್ದು, ದಿನವನ್ನು ಚೀಟಿ ಎತ್ತಿ ನಿರ್ಧರಿಸತಕ್ಕದ್ದು, ಯಾವ ಕಾರಣಕ್ಕೂ ಬದಲಿ ಕೊಡತಕ್ಕದ್ದಲ್ಲ ಎಂದು ಆದೇಶಿಸಿದರು. ಈ ತಿಂಗಳ ಚೀಟಿಗಳನ್ನು ಲಾಡು ಡಬ್ಬದಲ್ಲಿ ಹಾಕಿ ಕುಲುಕಿದವರು ಕೆಳಸಹಿದಾರರು. ಮದುವೆಯ ದಿನದ ಚೀಟಿ ಎತ್ತಿದವರು ಕೆಳಸಹಿದಾರರು. ಅದರಲ್ಲಿದ್ದ ಹೆಸರೂ ಕೆಳಸಹಿದಾರರದ್ದೇ.

ಇಲ್ಲಿ ಒಂದು ಸಂಗತಿಯನ್ನು ದಾಖಲಿಸುವುದು ಅನಿವಾರ್ಯ. ಸದರಿ ಕನ್ಯೆಯು ಕೆಳಸಹಿದಾರರ ಅಕ್ಕನ ಮಗಳು. ನಮ್ಮಲ್ಲಿ ಕನ್ಯೆಯನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನು, ಮುಹೂರ್ತದಲ್ಲಿ ಅವಳ ಬೆನ್ನ ಹಿಂದೆ ನಿಲ್ಲುವವನು ಸೋದರಮಾವ. ಅಪ್ಪನಿಗೆ ಬೇಕಾದಷ್ಟು ಬೇರೆ ಕೆಲಸವಿರುತ್ತದೆ; ಇದೊಂದು ಮಾವನದು. ಕ್ಷಿಪ್ರಾಳಿಗೆ ಇರುವುದು ಒಬ್ಬನೇ ಮಾವ, ಅವನು ಆ ಹೊತ್ತಿಗೆ ಪಾಷಾಣ ಬಡಾವಣೆಯಲ್ಲಿರುವ ಕೇಂದ್ರದ ಕಾವಲು ಕೊಠಡಿಯಲ್ಲಿ ಫೋನ್ ಎದುರು ಕೂತಿರಬೇಕು.

ಕೆಳಸಹಿದಾರರು ನಿಯಮಾನುಸಾರ ತಮಗೆ ತಾವೇ ರಜೆ ಅರ್ಜಿ ಸಲ್ಲಿಸಿದರು. ಅರ್ಜಿಯು ಗಡುವಿಗಿಂತ ಒಂದು ದಿನ ತಡವಾಗಿ ಬಂದಿರುವುದು ಕಂಡುಬಂದು, ಅದನ್ನು ತಾವೇ ತಿರಸ್ಕರಿಸಿ, ತಮಗೇ ಎಚ್ಚರಿಕೆ ನೀಡಿದರು. ಸಂಶೋಧಕರಿಬ್ಬರು “ನಾವು ಕೂತ್ಕೋತೀವಿ ಸಾಹೇಬ್ರೇ, ಡಬ್ಬಿಯಲ್ಲಿ ನಾಲ್ಕು ಜಿಲೇಬಿ ಕಳಿಸಿ ಸಾಕು” ಎಂದರು; ಅಧಿಕಾರಿಯನ್ನು ನಿಯಮಭಂಗಕ್ಕೆ ಪ್ರಚೋದಿಸಿದ್ದಕ್ಕಾಗಿ ಅವರಿಗೆ ಕಾರಣ ಕೇಳಿ ನೋಟಿಸು ನೀಡಲಾಗಿದೆ. ನಿರ್ದೇಶಕರು “ಪೋಂಕ್ಷೆ, ಒಂದು ದಿನ ಹೋಗಿಬಿಡ್ರೀ ಮಾರಾಯ್ರೇ, ನಾನು ಆ ಕಡೆ ನೋಡೋದೇ ಇಲ್ಲ” ಎಂದು ಅಪ್ಪಣೆ ಕೊಟ್ಟರು. ಆ ಕಡೆ ನೋಡದೇ ಇದ್ದದ್ದರಿಂದಲೇ ಹಿಂದಿನ ಸ್ಫೋಟ ತಪ್ಪಿತೆಂದು ಅವರಿಗೆ ವಿನಯಪೂರ್ವಕವಾಗಿ ನೆನಪಿಸಲಾಯಿತು. ಕೆಳಸಹಿದಾರರ ಅಕ್ಕನವರು “ಅಯ್ಯೋ ಶಿರ್ಯಾ, ನಿನ್ನ ತಲೆಯೊಳಗೆ ಮಿದುಳಿದೆಯೋ ರಬ್ಬರ್ ಸ್ಟಾಂಪೋ? ಒಬ್ಬಳೇ ಹುಡುಗಿ ಕಣೋ!” ಎಂದು ಅತ್ತರು. ಈ ಪ್ರಶ್ನೆಗೆ ಉತ್ತರ ಬಾಕಿ ಇರುತ್ತದೆ.

ಅಂತಿಮವಾಗಿ, ಕಳೆದ ಭಾನುವಾರ ಕನ್ಯೆಯು ಖುದ್ದು ಹಾಜರಾಗಿ, ಅವಲಕ್ಕಿಗೆ ಹೆಚ್ಚಿಟ್ಟ ಈರುಳ್ಳಿಯ ಮುಂದೆ ಈ ಕೆಳಗಿನ ಹೇಳಿಕೆ ನೀಡಿರುತ್ತಾಳೆ: “ಮಾಮಾ, ನೀನು ಕೈ ಹಿಡ್ಕೊಂಡು ಕರ್ಕೊಂಡು ಹೋಗ್ಲಿಲ್ಲ ಅಂದ್ರೆ ನಾನು ಕೋಣೆಯಿಂದ ಆಚೆಗೇ ಬರಲ್ಲ. ತನ್ಮಯ ನಿನ್ನ ಸುತ್ತೋಲೆಗೇ ಹಾರ ಹಾಕ್ಲಿ, ಅದನ್ನೇ ಮನೆ ತುಂಬಿಸ್ಕೊಳ್ಲಿ.” ಹೀಗೆಂದು (ತನ್ಮಯ ಎಂದರೆ ವರ) ಬೆದರಿಸಿ, ಆಮೇಲೆ ಕಣ್ಣೊರೆಸಿಕೊಂಡು (ಈರುಳ್ಳಿಯ ಕಾರಣ ಎಂದು ಅವಳ ವಾದ), ಕೆಳಸಹಿದಾರರೇ ಬರೆದ ನಿಯಮದಲ್ಲಿ “ಕಾವಲು ಕೊಠಡಿ ಎಂದರೆ ಕಾವಲು ಫೋನ್, ಲ್ಯಾಪ್‌ಟಾಪ್, ಮತ್ತು ಬೆನ್ನಿರುವ ಒಂದು ಕುರ್ಚಿ ಇರುವ, ಆಡಳಿತಾಧಿಕಾರಿಗಳು ಘೋಷಿಸಿದ ಯಾವುದೇ ಸ್ಥಳ” ಎಂದಿರುವುದನ್ನು ಬೊಟ್ಟು ಮಾಡಿ ತೋರಿಸಿರುತ್ತಾಳೆ. ಇಷ್ಟು ಸಡಿಲವಾಗಿ ವ್ಯಾಖ್ಯೆ ಬರೆದದ್ದಕ್ಕೆ ಕೆಳಸಹಿದಾರರು ನಾಚಿಕೊಂಡು, ಅದೇ ಉಸಿರಿನಲ್ಲಿ ದೇವರಿಗೆ ಕೈ ಮುಗಿದಿರುತ್ತಾರೆ.

ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ:

1. ಕನ್ಯೆಯು ಕೋಣೆಯಿಂದ ಹೊರಡುವ ಕ್ಷಣದಿಂದ ಹಾರ ಬದಲಾಯಿಸುವ ಕ್ಷಣದವರೆಗೆ ಸದರಿ ಮಂಗಲ ಕಾರ್ಯಾಲಯದ ಮುಖ್ಯ ಸಭಾಂಗಣವು ಈ ಕೇಂದ್ರದ ಕಾವಲು ಕೊಠಡಿಯಾಗಿರತಕ್ಕದ್ದು. ಊಟದ ಮನೆ, ಬಚ್ಚಲು ಮತ್ತು ವರನ ಕಡೆಯವರು ಇಸ್ಪೀಟಾಡುವ ಮಹಡಿ ಇದರ ವ್ಯಾಪ್ತಿಗೆ ಬರುವುದಿಲ್ಲ.

2. ಕಾವಲು ಕೊಠಡಿಯ ನಿಯಮದಂತೆ, ಒಳಬರುವ ಪ್ರತಿಯೊಬ್ಬ ಅತಿಥಿಯೂ ಸಂದರ್ಶಕರ ಬಿಲ್ಲೆ ಧರಿಸತಕ್ಕದ್ದು. ವರನ ಬಿಲ್ಲೆಯ ಮೇಲೆ “ಭೇಟಿಯ ಉದ್ದೇಶ” ಎಂಬಲ್ಲಿ “ವಿವಾಹ” ಎಂದೂ, “ಯಾರನ್ನು ಕಾಣಬೇಕು” ಎಂಬಲ್ಲಿ ಕನ್ಯೆಯ ಹೆಸರನ್ನೂ ಬರೆಯತಕ್ಕದ್ದು. ರೇಷ್ಮೆ ಸೀರೆಗೆ ಪಿನ್ನು ಚುಚ್ಚಿದರೆ ತೂತಾಗುತ್ತದೆಂದು ಮಹಿಳಾ ಅತಿಥಿಗಳಿಂದ ಬಂದ ಆಕ್ಷೇಪಣೆಯನ್ನು ಪರಿಗಣಿಸಿ, ಅವರು ಬಿಲ್ಲೆಯನ್ನು ಕೈಯಲ್ಲಿ ಹಿಡಿಯಬಹುದು. ಅದರಿಂದ ಗಾಳಿ ಬೀಸಿಕೊಳ್ಳತಕ್ಕದ್ದಲ್ಲ.

3. ನಮ್ಮ ಉಪಗ್ರಹವು ದಕ್ಷಿಣ ಅಟ್ಲಾಂಟಿಕ್ ಸಾಗರದ ಮೇಲೆ ಹಾಯುವಾಗ ಅಲ್ಲಿನ ಕಣಗಳ ಕಾಟಕ್ಕೆ ಉಪಕರಣವನ್ನು ಕೆಲವು ನಿಮಿಷ ಮುಚ್ಚಿಡಲಾಗುತ್ತದೆ. ಆ ಹೊತ್ತಿನಲ್ಲಿ ಮಾತ್ರ ಚಹಾ ಕುಡಿಯುವುದು ಕೇಂದ್ರದ ಹಳೆಯ ರೂಢಿ. ಮುಹೂರ್ತವನ್ನು ಸ್ವಲ್ಪ ಮುಂದಕ್ಕೆ ಹಾಕಿ ಈ ಹೊತ್ತಿಗೆ ಕೂಡಿಸಿದರೆ ಸ್ಫೋಟದ ಭಯವೇ ಇರುವುದಿಲ್ಲವೆಂದು ಪುರೋಹಿತರಾದ ವೇ.ಮೂ. ಟೆಂಬೆ ಗುರುಜಿಯವರನ್ನು ಕೋರಲಾಯಿತು. “ಪೋಂಕ್ಷೆಸಾಹೇಬ, ನಿಮ್ಮ ಉಪಗ್ರಹಕ್ಕೋಸ್ಕರ ನನ್ನ ನವಗ್ರಹಗಳು ಕಾಯ್ತಾವೇನ್ರೀ?” ಎಂದು ಅವರು ಕೇಳಿದ್ದರಿಂದ ಸದರಿ ಕೋರಿಕೆಯನ್ನು ಹಿಂಪಡೆಯಲಾಗಿದೆ. ಮುಹೂರ್ತದಲ್ಲಿ ಉಪಕರಣ ಪೂರ್ತಿ ಕಣ್ಣು ತೆರೆದಿರುತ್ತದೆ ಎಂಬುದನ್ನು ಎಲ್ಲರೂ ಗಮನಿಸತಕ್ಕದ್ದು.

4. ಮಂಗಳಾಷ್ಟಕದ ಪ್ರತಿ ಪದ್ಯದ ಕೊನೆಗೆ ಅತಿಥಿಗಳು ಅಕ್ಷತೆ ಎರಚುವ ಪದ್ಧತಿಗೆ ಕೇಂದ್ರದ ವಿರೋಧವಿಲ್ಲ. ಆದರೆ ಹಿಂದಿನ ಸಾಲಿನಲ್ಲಿ ಕೂತವರು ಎದ್ದು ಬರಲು ಸೋಮಾರಿತನಪಟ್ಟು, ಕೂತಲ್ಲಿಂದಲೇ ಬೀಸಿ, ಮುಂದಿನ ಸಾಲಿನವರ ಕುತ್ತಿಗೆಯೊಳಗೆ ಹಾಕುವುದು ಎಲ್ಲ ಮದುವೆಗಳಲ್ಲೂ ಕಂಡುಬಂದಿದೆ. ಲ್ಯಾಪ್‌ಟಾಪಿನ ಕೀಲಿಮಣೆಯಲ್ಲಿ ಒಂದು ಅಕ್ಕಿಕಾಳು ಸಿಕ್ಕಿಕೊಂಡರೂ ಜಗತ್ತಿಗೆ ತಪ್ಪು ಸುದ್ದಿ ಹೋಗುವ ಅಪಾಯವಿದೆ. ಆದ್ದರಿಂದ ಅಕ್ಷತೆಯನ್ನು ವಧೂವರರ ತಲೆಯ ಮೇಲಷ್ಟೇ, ಮೇಲಿನಿಂದ ಕೆಳಕ್ಕೆ, ಮಧ್ಯಮ ವೇಗದಲ್ಲಿ ಬಿಡತಕ್ಕದ್ದು. ಗುರಿಯ ಬಗ್ಗೆ ಸಂಶಯವಿರುವವರು ಅಕ್ಷತೆಯನ್ನು ಪಕ್ಕದವರಿಗೆ ಕೊಡತಕ್ಕದ್ದು.

5. ಕನ್ಯೆಯ ಸೋದರತ್ತೆ ಶ್ರೀಮತಿ ಮಾಲೂಆತ್ಯಾ ಅವರು ತಾವೇ ರಚಿಸಿದ ಮಂಗಳಾಷ್ಟಕವನ್ನು ಹಾಡಲಿದ್ದು, ಅದರಲ್ಲಿ ಎರಡೂ ಮನೆತನದವರ ಹೆಸರು, ಹುದ್ದೆ ಮತ್ತು ವಾಸವಿರುವ ಬಡಾವಣೆ ಬರುತ್ತವೆ. ತಾರಸ್ಥಾಯಿಯಲ್ಲಿ ಅವರ ಸ್ವರ ಮತ್ತು ಕಾವಲು ಫೋನಿನ ಕೂಗು ಒಂದೇ ಎತ್ತರದಲ್ಲಿರುವುದು ಪರೀಕ್ಷೆಯಿಂದ ತಿಳಿದುಬಂದಿದೆ. ಅವರನ್ನು ಒಂದು ಸ್ವರ ಕೆಳಗೆ ಹಾಡುವಂತೆ ಕೋರಲಾಗಿತ್ತು. ಅವರು ಕೆಳಸಹಿದಾರರೊಂದಿಗೆ ಮಾತು ಬಿಟ್ಟಿರುತ್ತಾರೆ. ಆದ್ದರಿಂದ ಫೋನಿನ ಕೂಗು ನಿಲ್ಲಿಸಿ, ಅದನ್ನು ನಡುಕಕ್ಕೆ (ವೈಬ್ರೇಟ್) ಹಾಕಿ ಕೆಳಸಹಿದಾರರ ಜುಬ್ಬಾದ ಎಡಜೇಬಿನಲ್ಲಿ ಇಡಲಾಗುವುದು.

6. ಫೋನಿನ ಕೂಗನ್ನು ಶಹನಾಯಿಯ ದನಿಗೆ ಬದಲಿಸಿದರೆ ಮಂಗಳಕರವೆಂದು ನಿರ್ದೇಶಕರು ಸೂಚಿಸಿದ್ದರು. ಹಾಗೆ ಮಾಡಿದಲ್ಲಿ ವಾದ್ಯದವರು ಅದನ್ನೇ ಸಂಕೇತವೆಂದು ತಿಳಿದು ಬ್ಯಾಂಡು ಹೊಡೆದು, ಅತಿಥಿಗಳು ಊಟಕ್ಕೆ ಓಡುವ ಸಾಧ್ಯತೆ ಇರುವುದರಿಂದ ಈ ಸೂಚನೆಯನ್ನು ಗೌರವಪೂರ್ವಕವಾಗಿ ಕೈಬಿಡಲಾಗಿದೆ.

7. (ಮದುವೆಯ ನಂತರ ವರನು ಕೇಂದ್ರದ ಒಬ್ಬ ಉದ್ಯೋಗಿಯನ್ನು ತನ್ನೊಡನೆ ಕರೆದೊಯ್ಯುವುದರಿಂದ ದ್ವಾರದಲ್ಲಿ ಸಾಮಗ್ರಿ ಸಾಗಣೆ ಪರವಾನಗಿ ತೋರಿಸತಕ್ಕದ್ದು ಎಂಬ ಈ ಕಲಮನ್ನು ಕನ್ಯೆಯ ಆಕ್ಷೇಪಣೆಯ ಮೇರೆಗೆ ರದ್ದುಪಡಿಸಲಾಗಿದೆ. ಆಕ್ಷೇಪಣೆಯ ಭಾಷೆ ದಾಖಲೆಗೆ ಯೋಗ್ಯವಾಗಿಲ್ಲ.)

8. ಮಂಗಳಾಷ್ಟಕದ ನಡುವೆ ಸ್ಫೋಟ ಬಂದಲ್ಲಿ, ಒಂದು ನಕ್ಷತ್ರ ಸತ್ತಂತಾಗಿ ಸೂತಕ ತಗುಲುವುದೇ ಎಂಬ ಪ್ರಶ್ನೆಯನ್ನು ವರನ ಅಜ್ಜಿಯವರು ಎತ್ತಿರುತ್ತಾರೆ. ಈ ಬಗ್ಗೆ ಟೆಂಬೆ ಗುರುಜಿಯವರ ಅಭಿಪ್ರಾಯ ಪಡೆಯಲಾಗಿದೆ: “ಗೋತ್ರ ಗೊತ್ತಿಲ್ಲ. ಸತ್ತು ನೂರಾರು ಕೋಟಿ ವರ್ಷ ಆಗಿದೆ, ಸುದ್ದಿ ಈಗ ಬಂದಿದೆ. ಇಷ್ಟು ತಡವಾದ ಸುದ್ದಿಗೆ ಒಂದು ಸ್ನಾನ ಸಾಕು ಅಜ್ಜಿ, ಅದನ್ನ ಬೆಳಗ್ಗೆ ಹೇಗೂ ಮಾಡಿರ್ತೀರಲ್ಲ.” ಸದರಿ ಅಭಿಪ್ರಾಯವು ಅಂತಿಮವಾಗಿದ್ದು, ಅಂದು ಎಲ್ಲ ಅತಿಥಿಗಳೂ ಸ್ನಾನ ಮಾಡಿ ಬರತಕ್ಕದ್ದು.

9. ಪಟಾಕಿಗೆ ಅಡ್ಡಿಯಿಲ್ಲ. ಪಟಾಕಿಯಿಂದ ಗಾಮಾ ಕಿರಣ ಹೊಮ್ಮುವುದಿಲ್ಲವೆಂದು ಮೂವರು ಪ್ರಾಧ್ಯಾಪಕರಿಂದ ಲಿಖಿತ ಅಭಿಪ್ರಾಯ ಪಡೆಯಲಾಗಿದೆ. ಮೂವರೂ ಬರೆಯುವಾಗ ನಗುತ್ತಿದ್ದುದನ್ನು ಗಮನಿಸಲಾಗಿದೆ.

10. ಮಂಗಲ ಕಾರ್ಯಾಲಯದ ಮಾಲೀಕರಿಗೆ ಈ ಸುತ್ತೋಲೆಯ ಕರಡನ್ನು ಕಳುಹಿಸಿದಾಗ ಅವರು ಉತ್ತರ ಬರೆಯದೆ, ಬಾಗಿಲಲ್ಲಿ ಹೊಸ ಫಲಕವೊಂದನ್ನು ತೂಗುಹಾಕಿರುತ್ತಾರೆ: “ಇಲ್ಲಿ ಮದುವೆ ಮಾಡಿಸಲಾಗುತ್ತದೆ. ಆಕಾಶ ನೋಡುವವರು ಅಂಗಳಕ್ಕೆ ಹೋಗಿ ನೋಡಿಕೊಳ್ಳಿ. ಅಂಗಳದ ಬಾಡಿಗೆ ಬೇರೆ.” ಫಲಕದ ಭಾಷೆ ಸಂಕ್ಷಿಪ್ತವೂ ಕಟ್ಟುನಿಟ್ಟೂ ಆಗಿದ್ದು, ಈ ಕಚೇರಿಯ ಗುಮಾಸ್ತರೆಲ್ಲರೂ ಒಮ್ಮೆ ಹೋಗಿ ಓದಿಕೊಂಡು ಬರತಕ್ಕದ್ದು.

11. ಮುಹೂರ್ತದ ನಡುವೆ ಫೋನ್ ನಡುಗಿದರೆ ಅನುಸರಿಸಬೇಕಾದ ಕ್ರಮ:

(ಅ) ಕೆಳಸಹಿದಾರರು ಎಡಗೈ ಮೇಲೆತ್ತತಕ್ಕದ್ದು. ಬಲಗೈ ಕನ್ಯೆಯ ಹೆಗಲ ಮೇಲಿದ್ದು, ಅದನ್ನು ಯಾವ ಸ್ಫೋಟಕ್ಕೂ ತೆಗೆಯಲಾಗುವುದಿಲ್ಲ.

(ಆ) ಗುರುಜಿಯವರು ಹಾಡುತ್ತಿರುವ ಪದ್ಯವನ್ನು ಮುಗಿಸಿ ನಿಲ್ಲಿಸತಕ್ಕದ್ದು. ಅಂತರಪಟವನ್ನು ಕೆಳಗಿಳಿಸತಕ್ಕದ್ದಲ್ಲ. ಪಟ ಹಿಡಿದ ಇಬ್ಬರ ತೋಳು ನೋಯುವ ಸಂಭವವಿರುವುದರಿಂದ ಗಟ್ಟಿಮುಟ್ಟಾದವರನ್ನು ಆರಿಸತಕ್ಕದ್ದು.

(ಇ) ಕೆಳಸಹಿದಾರರು ಕನ್ಯೆಯ ಬೆನ್ನ ಹಿಂದಿನ ಕುರ್ಚಿಯ ಮೇಲಿಟ್ಟ ಲ್ಯಾಪ್‌ಟಾಪಿನಲ್ಲಿ ಗೆರೆ ನೋಡತಕ್ಕದ್ದು. ಗೆರೆ ಚಟ್ಟನೆ ಏರಿ, ಗೊಣಗುತ್ತ ಗೊಣಗುತ್ತ ನಿಧಾನ ಇಳಿದರೆ, ಅಂದರೆ ಅಕ್ಕನ ಸಿಟ್ಟಿನಂತಿದ್ದರೆ, ಅದು ಸ್ಫೋಟ. ತರಬೇತಿಯಲ್ಲಿ ಕ್ಷಿಪ್ರಾ ಹೀಗೆಯೇ ಹೇಳಿಕೊಟ್ಟಿರುತ್ತಾಳೆ. ಉಪಗ್ರಹದ ಬೇರೆ ಬೇರೆ ಮೂಲೆಯ ಉಪಕರಣಗಳಿಗೂ ಕಂಡಿದೆಯೇ, ಅಥವಾ ಒಂದಕ್ಕೇ ಭ್ರಮೆಯೇ ಎಂಬುದನ್ನೂ ನೋಡತಕ್ಕದ್ದು.

(ಈ) ಕನ್ಯೆಯು ಅಂದು ರಜೆಯಲ್ಲಿರುವುದರಿಂದ ಉಪಕರಣವನ್ನು ಮುಟ್ಟುವಂತಿಲ್ಲ. ಕೆಳಸಹಿದಾರರಿಗೆ ಸಂಶಯ ಬಂದಲ್ಲಿ ಹಿಂದೆ ತಿರುಗಿ ಗೆರೆ ನೋಡಿ, ತಲೆಯಾಡಿಸಿ ಸಹಕರಿಸಬಹುದು. ಮೇಲೆ ಕೆಳಗೆ ಆಡಿಸಿದರೆ ಸ್ಫೋಟ, ಅಡ್ಡಡ್ಡ ಆಡಿಸಿದರೆ ಸೂರ್ಯ. ಕನ್ಯೆಯು ಅಡ್ಡಡ್ಡ ತಲೆಯಾಡಿಸಿದ ಮಾತ್ರಕ್ಕೆ ವರನನ್ನು ನಿರಾಕರಿಸಿದಳೆಂದು ವರನ ಕಡೆಯವರು ಎದ್ದು ಗಲಾಟೆ ಮಾಡತಕ್ಕದ್ದಲ್ಲ.

(ಉ) ನಿಜವಾದ ಸ್ಫೋಟವಾಗಿದ್ದಲ್ಲಿ, ಕಾವಲಿಗಿದ್ದವರ ಹೆಸರಿನಲ್ಲಿ ಜಗತ್ತಿಗೆ ಸುತ್ತೋಲೆ ಹೋಗತಕ್ಕದ್ದು. ಕೆಳಸಹಿದಾರರು ಈವರೆಗೆ ಹೊರಡಿಸಿದ ಸುತ್ತೋಲೆಗಳನ್ನು ಈ ಕೇಂದ್ರದಲ್ಲಿ ಒಬ್ಬರೂ ಪೂರ್ತಿ ಓದಿಲ್ಲವೆಂಬ ಗುಮಾನಿ ಇದೆ. ಇದೊಂದನ್ನಾದರೂ ಚಿಲಿಯಿಂದ ಜಪಾನಿನವರೆಗೆ ಓದುತ್ತಾರೆ. ಹಾಗೆಂದು ಕೆಳಸಹಿದಾರರು ಸ್ಫೋಟ ಬರಲೆಂದು ಆಶಿಸುತ್ತಿಲ್ಲ ಎಂದು ಸ್ಪಷ್ಟಪಡಿಸಲಾಗಿದೆ. ಬಾರದಿರಲೆಂದೂ ಆಶಿಸುತ್ತಿಲ್ಲ.

12. ಮೇಲಿನ ಕ್ರಮ ಮುಗಿಯುವವರೆಗೆ ವರನು ಹಾರ ಹಿಡಿದು ಅಂತರಪಟದ ಆಚೆ ನಿಂತಿರತಕ್ಕದ್ದು, ಇಣುಕತಕ್ಕದ್ದಲ್ಲ. ವರನಾದ ಡಾ. ತನ್ಮಯ ಘಾಟಪಾಂಡೆ ಅವರು ಸಾತಾರೆಯಲ್ಲಿ ದನದ ವೈದ್ಯರಾಗಿದ್ದು, ಈ ಬಗ್ಗೆ ಅವರ ಒಪ್ಪಿಗೆ ಕೇಳಿದಾಗ ಹೀಗೆಂದಿರುತ್ತಾರೆ: “ನಮ್ಮ ಎಮ್ಮೆಗಳೇನು ಮುಹೂರ್ತ ಕೇಳ್ಕೊಂಡು ಈಯುತ್ತವಾ ಮಾಮಾ? ಆರಾಮಾಗಿ ನೋಡ್ಕೊಳ್ಳಿ, ನಾನು ನಿಂತಿರ್ತೀನಿ. ಅದು ಪಾಪ ಅಷ್ಟು ದೂರದಿಂದ ಬಂದಿದೆ, ನಾನು ಸಾತಾರೆಯಿಂದ ಬಂದಿರೋದು. ಹಾರ ಮಾತ್ರ ತುಂಬಾ ಭಾರ ಮಾಡಿಸ್ಬೇಡಿ.” ಈ ಹೇಳಿಕೆಯ ನಂತರ ವರನ ಬಗ್ಗೆ ಕೆಳಸಹಿದಾರರಿಗಿದ್ದ ಎಲ್ಲ ತಕರಾರುಗಳನ್ನು ಮುಕ್ತಾಯಗೊಳಿಸಲಾಗಿದೆ.

13. ಅದೇ ಹೊತ್ತಿಗೆ ವರನ ಫೋನಿಗೂ ಎಮ್ಮೆಯ ಕಡೆಯಿಂದ ಕರೆ ಬಂದಲ್ಲಿ, ಎಮ್ಮೆಯು ಜೀವಂತವಿದ್ದು ನಕ್ಷತ್ರವು ಸತ್ತಿರುವುದರಿಂದ, ಎಮ್ಮೆಗೆ ಆದ್ಯತೆ ನೀಡತಕ್ಕದ್ದು. ವರನು ಅಂತರಪಟದ ಆಚೆಯಿಂದಲೇ ಸಲಹೆ ನೀಡಬಹುದು. ಎರಡೂ ಸಂಭಾಷಣೆಗಳು ಬೆರೆತು ಎಮ್ಮೆಯ ವಿವರ ಚಿಲಿಗೆ ಹೋಗದಂತೆ ಎಚ್ಚರ ವಹಿಸತಕ್ಕದ್ದು.

14. ಸ್ಫೋಟಗಳಿಗೆ ಅವು ಕಂಡ ದಿನಾಂಕವನ್ನೇ ಹೆಸರಾಗಿ ಇಡುವುದು ಜಗತ್ತಿನ ರೂಢಿ. ಅಂದು ಸ್ಫೋಟ ಬಂದಲ್ಲಿ ವಿವಾಹದ ದಿನಾಂಕವು ಎಲ್ಲ ದೇಶಗಳ ದಾಖಲೆಗಳಲ್ಲಿ ಶಾಶ್ವತವಾಗಿ ಉಳಿಯುವುದರಿಂದ, ಮುಂದೆ ಯಾವ ವರ್ಷವೂ ಆ ದಿನ ಮರೆತೆನೆಂದು ಹೇಳಲು ವರನಿಗೆ ಅವಕಾಶವಿರುವುದಿಲ್ಲ.

15. ಮಸಾಲೆ ಭಾತು, ಜಿಲೇಬಿ, ಮಜ್ಜಿಗೆ ಇತ್ಯಾದಿಗಳನ್ನು ಕಾವಲು ಕೊಠಡಿಯೊಳಗೆ ತರತಕ್ಕದ್ದಲ್ಲ. ಹಾರ ಬದಲಾದ ತಕ್ಷಣ ಇಡೀ ಸಭಾಂಗಣ ಮೊದಲ ಪಂಕ್ತಿಗೆ ಓಡುವುದು ಅನುಭವದಿಂದ ತಿಳಿದ ಸಂಗತಿಯಾಗಿದ್ದು, ಓಡುವವರು ಲ್ಯಾಪ್‌ಟಾಪಿನ ತಂತಿಯನ್ನು ದಾಟಿ ಓಡತಕ್ಕದ್ದು. ಕೆಳಸಹಿದಾರರ ಡಬ್ಬಿಗೆ ಜಿಲೇಬಿ ಮೊದಲೇ ತುಂಬಿಡಲು ಅಕ್ಕನವರಿಗೆ ಸೂಚಿಸಲಾಗಿದೆ. “ನಿನ್ನ ಡಬ್ಬಿಗೆ ಸುತ್ತೋಲೆ ತುಂಬ್ತೀನಿ” ಎಂದು ಅವರು ಉತ್ತರಿಸಿದ್ದರೂ, ಹೇಳುವಾಗ ನಕ್ಕಿರುವುದರಿಂದ ಅದನ್ನು ಒಪ್ಪಿಗೆಯೆಂದು ಪರಿಗಣಿಸಲಾಗಿದೆ.

16. ಹಾರ ಬದಲಾದ ಕೂಡಲೇ ಸಭಾಂಗಣವು ಕಾವಲು ಕೊಠಡಿಯಾಗಿ ಉಳಿಯುವುದಿಲ್ಲ. ಕೆಳಸಹಿದಾರರು ಫೋನ್, ಲ್ಯಾಪ್‌ಟಾಪ್ ಹಿಡಿದು ಹೊರಗೆ ನಿಲ್ಲಿಸಿದ ರಿಕ್ಷಾದಲ್ಲಿ ಕೂತು, ಬರುವಾಗ ಮಾಡಿದಂತೆಯೇ ರಿಕ್ಷಾವನ್ನು ಕಾವಲು ಕೊಠಡಿಯೆಂದು ಘೋಷಿಸಿಕೊಂಡು, ಪಾಷಾಣಕ್ಕೆ ಮರಳಿ ಉಳಿದ ಕಾವಲು ಮುಗಿಸತಕ್ಕದ್ದು. ಊಟ ಡಬ್ಬಿಯಲ್ಲಿ ಹಿಂಬಾಲಿಸತಕ್ಕದ್ದು.

17. ಇಷ್ಟೆಲ್ಲ ನಿಯಮಗಳ ಉದ್ದೇಶದ ಬಗ್ಗೆ ಸಿಬ್ಬಂದಿಯಲ್ಲಿ ತಪ್ಪು ತಿಳುವಳಿಕೆ ಇರಬಾರದೆಂಬ ಕಾರಣಕ್ಕೆ ತಿಳಿಯಪಡಿಸುವುದೇನೆಂದರೆ, ಕೆಳಸಹಿದಾರರಿಗೆ ಈ ಹುಡುಗಿಯ ಮೇಲೆ ಬಹಳ ಪ್ರೀತಿ ಇದೆ. ಇದಕ್ಕೆ ಪ್ರತ್ಯೇಕ ದಾಖಲೆ ಲಗತ್ತಿಸುವ ಅಗತ್ಯ ಕಂಡುಬರುವುದಿಲ್ಲ.

18. ಕನ್ಯೆಯ ಕೈಹಿಡಿದು ಕೋಣೆಯ ಬಾಗಿಲಿನಿಂದ ಮಂಟಪದವರೆಗೆ ಕರೆತರುವ ಅವಧಿಯಲ್ಲಿ, ಕಾವಲಿಗಿರುವವರಿಗೆ ಫೋನಿನ ಪರದೆಯು ಸ್ವಲ್ಪ ಹೊತ್ತು ಮಸುಕಾಗಿ ಕಾಣಬಹುದು. ಸದರಿ ಮಸುಕನ್ನು ಉಪಕರಣದ ದೋಷವೆಂದು ದಾಖಲಿಸತಕ್ಕದ್ದಲ್ಲ.

(ಸಹಿ)
ಶ್ರೀಧರ ವಾಮನ ಪೋಂಕ್ಷೆ
ಆಡಳಿತಾಧಿಕಾರಿ, ಅಂದಿನ ಕಾವಲು ಸಿಬ್ಬಂದಿ, ಹಾಗೂ ಮಾಮಾ

ಪ್ರತಿಗಳು:
1. ನಿರ್ದೇಶಕರಿಗೆ, ಮಾಹಿತಿಗಾಗಿ. ಅಂದು ಈ ಕಡೆಯೇ ನೋಡುವಂತೆ ವಿನಂತಿ.
2. ವೇ.ಮೂ. ಟೆಂಬೆ ಗುರುಜಿಯವರಿಗೆ, ಕಲಂ 11(ಆ) ಕುರಿತು ಅಗತ್ಯ ಕ್ರಮಕ್ಕಾಗಿ.
3. ಡಾ. ತನ್ಮಯ ಘಾಟಪಾಂಡೆ ಅವರಿಗೆ, ಹಗುರವಾದ ಹಾರದ ಮಾದರಿಯೊಂದಿಗೆ.
4. ಶ್ರೀಮತಿ ಮಾಲೂಆತ್ಯಾ ಅವರಿಗೆ, ಬೇರೊಬ್ಬರ ಮೂಲಕ.
5. ಮಂಗಲ ಕಾರ್ಯಾಲಯದ ಮಾಲೀಕರಿಗೆ. ಉತ್ತರವನ್ನು ಫಲಕದ ಮೇಲೆ ಬರೆದರೂ ಸ್ವೀಕರಿಸಲಾಗುವುದು.
6. ನೋಟಿಸು ಪಡೆದ ಇಬ್ಬರು ಸಂಶೋಧಕರಿಗೆ. ನೋಟಿಸು ಹಿಂಪಡೆಯಲಾಗಿದೆ, ಊಟಕ್ಕೆ ಬರತಕ್ಕದ್ದು.
7. ಕು. ಕ್ಷಿಪ್ರಾ ಖಾಂಬೇಟೆ ಅವರಿಗೆ: ಕೋಣೆಯಿಂದ ಹೊರಗೆ ಬರತಕ್ಕದ್ದು. ಮಾಮಾ ಬಾಗಿಲಲ್ಲಿ ನಿಂತಿರುತ್ತಾರೆ.